ಮಗುವಿಗೆ ಸಾವಯವ ಹಾಲು: ಚೀಟಿಯ ಜೊತೆಗೆ ಕೊಟ್ಟಿಗೆಯನ್ನೂ ನೋಡಿ

ಒಂದೂವರೆ ವರ್ಷದ ಮಗಳಿಗೆಂದು ಹಾಸನದಲ್ಲಿ ನಾವು ಕೆಲವು ತಿಂಗಳು ತರಿಸುತ್ತಿದ್ದ ಬಾಟಲಿ ಹಾಲಿನ ಮೇಲೆ ‘ಶುದ್ಧ ಸಾವಯವ’ ಎಂಬ ಹಸಿರು ಚೀಟಿ ಇತ್ತೇ ಹೊರತು, ಪರವಾನಗಿ ಸಂಖ್ಯೆಯಾಗಲಿ ಪ್ರಮಾಣೀಕರಣದ ಗುರುತಾಗಲಿ ಇರಲಿಲ್ಲ. ಪ್ಯಾಕ್ ಮಾಡಿ ಅಂಗಡಿಯಲ್ಲಿ ಮಾರುವ ಹಾಲಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆಯ ಜೊತೆಗೆ ‘ಜೈವಿಕ್ ಭಾರತ್’ನಂಥ ಅಧಿಕೃತ ಸಾವಯವ ಲಾಂಛನವನ್ನೂ ನೋಡಿಕೊಳ್ಳಬೇಕು. ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ರೈತರಿಗೆ 2017ರ ಸಾವಯವ ಆಹಾರ ನಿಯಮಾವಳಿಯಲ್ಲಿ ಪ್ರಮಾಣೀಕರಣದಿಂದ ವಿನಾಯಿತಿ ಇರುವುದರಿಂದ, ಲಾಂಛನವಿಲ್ಲದ ಮಾತ್ರಕ್ಕೆ ಅವರನ್ನು ಅನುಮಾನಿಸುವಂತಿಲ್ಲ. ಅಂಥಲ್ಲಿ ಒಮ್ಮೆ ಕೊಟ್ಟಿಗೆಗೇ ಹೋಗಿ ಬನ್ನಿ.

ಹೋದಾಗ ಮೇವು, ಹಿಂಡಿ ಎಲ್ಲಿಂದ ಬರುತ್ತವೆಂದು ಕೇಳಿ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಕೆಚ್ಚಲು ಬಾವು ಬಂದ ಹಸುವಿಗೆ ಆ್ಯಂಟಿಬಯಾಟಿಕ್ ಕೊಟ್ಟ ದಿನಗಳಲ್ಲಿ ಅದರ ಹಾಲನ್ನು ಏನು ಮಾಡುತ್ತಾರೆ ಎಂಬುದು. ನಾವೀಗ ಹಾಲು ತರುವ ಆಲೂರು ಕಡೆಯ ಮನೆಯಲ್ಲಿ ಅಂಥ ಹಸುವಿನ ಕೊರಳಿಗೆ ಕೆಂಪು ಬಟ್ಟೆ ಕಟ್ಟಿ, ಪಶುವೈದ್ಯರು ಹೇಳಿದಷ್ಟು ದಿನ ಅದರ ಹಾಲನ್ನು ಬೇರೆಯಾಗಿಯೇ ಕರೆದು ಚೆಲ್ಲುವುದನ್ನು ಕಣ್ಣಾರೆ ಕಂಡ ಮೇಲೆಯೇ ನನಗೆ ನಂಬಿಕೆ ಬಂದದ್ದು. ಲ್ಯಾಕ್ಟೋಮೀಟರ್ ನೀರು ಬೆರೆಸಿದ್ದನ್ನು ಸೂಚಿಸೀತು, ಔಷಧದ ಉಳಿಕೆಯನ್ನು ತೋರಿಸದು.

ಸಾವಯವವೆಂಬ ಕಾರಣಕ್ಕೆ ಹಸಿ ಹಾಲನ್ನು ಎಂದೂ ಕೊಡಬೇಡಿ. ಹಸುವಿನಿಂದ ಮನುಷ್ಯರಿಗೂ ಹರಡುವ ಬ್ರುಸೆಲ್ಲೋಸಿಸ್ ಎಂಬ ಜ್ವರದ ಕಾಯಿಲೆ ತರುವ ರೋಗಾಣುವಿಗೆ ಸಾವಯವ ಕೊಟ್ಟಿಗೆಯೆಂಬ ಭೇದವಿಲ್ಲ, ಚೆನ್ನಾಗಿ ಕುದಿಸಲೇಬೇಕು. ವರ್ಷ ತುಂಬುವವರೆಗೆ ಹಸುವಿನ ಹಾಲು ಮಗುವಿನ ಮುಖ್ಯ ಪಾನೀಯವಾಗಬಾರದು. ಆ ನಂತರವೂ ದಿನಕ್ಕೆ ಸುಮಾರು 500 ಮಿಲಿಲೀಟರ್ ದಾಟಿದರೆ ಮಗು ಊಟ ಕಡಿಮೆ ಮಾಡಿ ಕಬ್ಬಿಣಾಂಶದ ಕೊರತೆಗೆ ಒಳಗಾಗುವ ಸಂಭವವಿದೆ. ಎರಡು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಕೆನೆ ತೆಗೆಯುವ ಅಗತ್ಯವಿಲ್ಲ.