ಸನ್ ಎಂದರೆ ಸೂರ್ಯನೋ, ಬಿಸಿಲೋ?

ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿದೆ. ಇದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದರೆ ಮಂಗಳೂರು, ಉಡುಪಿ ಕಡೆ ಥಟ್ಟನೆ ಬಾಯಿಗೆ ಬರುವುದು ‘ಅಂಡರ್ ದ ಸನ್’. ಅದು ‘ಇನ್ ದ ಸನ್’ ಆಗಬೇಕು. ಇಲ್ಲಿ ಸನ್ ಎಂದರೆ ಆಕಾಶದ ಸೂರ್ಯನಲ್ಲ, ಅಂಗಳಕ್ಕೆ ಬಿದ್ದ ಬಿಸಿಲು. ಹಪ್ಪಳವನ್ನು ನಾವು ಬಿಸಿಲಿನ ಕೆಳಗೆ ಹಾಕುವುದಿಲ್ಲ, ಬಿಸಿಲಿನಲ್ಲಿ ಹಾಕುತ್ತೇವೆ. ಕನ್ನಡದ ಆ ‘ಅಲ್ಲಿ’ಯೇ ಇಂಗ್ಲಿಷಿನ ‘ಇನ್’.

ಸನ್ ಶಬ್ದದ ತೊಡಕೆಲ್ಲ ಇರುವುದು ಇಲ್ಲಿಯೇ. ಕನ್ನಡದಲ್ಲಿ ಸೂರ್ಯ ಬೇರೆ, ಬಿಸಿಲು ಬೇರೆ. ತುಳುವಿನಲ್ಲೂ ಬಿಸಿಲಿಗೆ ದೊಂಬು ಎಂಬ ಬೇರೆಯೇ ಮಾತಿದೆ. ಇಂಗ್ಲಿಷ್ ಎರಡನ್ನೂ ಸನ್ ಎಂದೇ ಕರೆಯುತ್ತದೆ. ಹಾಗಾಗಿ ವಾಕ್ಯ ಕಟ್ಟುವ ಮೊದಲು ನೀವು ಹೇಳಹೊರಟಿರುವುದು ಸೂರ್ಯನನ್ನೋ ಬಿಸಿಲನ್ನೋ ಎಂದು ಕೇಳಿಕೊಳ್ಳಿ.

ಸೂರ್ಯನಾದರೆ ‘ದ’ ಬಿಡುವಂತಿಲ್ಲ. ‘ಸನ್ ಸೆಟ್ಸ್ ಇನ್ ವೆಸ್ಟ್’ ಎಂಬಲ್ಲಿ ಎರಡು ‘ದ’ ಬಿಟ್ಟುಹೋಗಿವೆ. ‘ದ ಸನ್ ಸೆಟ್ಸ್ ಇನ್ ದ ವೆಸ್ಟ್’ ಸರಿ. ಆದರೆ ಮಲ್ಪೆಯಲ್ಲಿ ಸೂರ್ಯಾಸ್ತದ ಹೊತ್ತಿಗೆ ಸಿಗೋಣ ಎನ್ನುವಾಗ ‘ಅಟ್ ಸನ್‌ಸೆಟ್’ ಸಾಕು, ಅಲ್ಲಿ ‘ದ’ ಬೇಡ.

ಬಿಸಿಲು ಎಷ್ಟಿದೆ ಎಂಬ ಅಳತೆಯ ಮಾತಾದರೂ ‘ದ’ ಬಿದ್ದುಹೋಗುತ್ತದೆ. ಇವತ್ತು ಬಿಸಿಲೇ ಇಲ್ಲ: ‘ದೇರ್ ಈಸ್ ನೋ ಸನ್ ಟುಡೇ’. ಈ ಕೋಣೆಗೆ ಒಳ್ಳೆ ಬಿಸಿಲು ಬರುತ್ತದೆ: ‘ದಿಸ್ ರೂಮ್ ಗೆಟ್ಸ್ ಎ ಲಾಟ್ ಆಫ್ ಸನ್’. ಗಿಡದ ಚೀಟಿಯಲ್ಲಿ ಕಾಣುವ ‘ಫುಲ್ ಸನ್’ ಇದೇ ಜಾತಿಯದು. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು ಎಂದು ಅದರ ಅರ್ಥ. ಶಂಕರಪುರ ಮಲ್ಲಿಗೆಯ ಗಿಡಕ್ಕೆ ಚೀಟಿ ಬರೆಯುವುದಿದ್ದರೆ ಧೈರ್ಯವಾಗಿ ‘ಫುಲ್ ಸನ್’ ಎಂದು ಬರೆಯಬಹುದು.

ಬಿಸಿಲು ಜೋರಾಗಿದೆ ಎನ್ನಲು ‘ಟುಡೇ ಸನ್ ಈಸ್ ಟೂ ಮಚ್’ ಎನ್ನುವವರಿದ್ದಾರೆ. ‘ದ ಸನ್ ಈಸ್ ವೆರಿ ಸ್ಟ್ರಾಂಗ್ ಟುಡೇ’ ಎನ್ನಿ. ಮೋಡ ಸರಿದು ಬಿಸಿಲು ಬಂತು ಎಂದಾದರೆ ‘ದ ಸನ್ ಹ್ಯಾಸ್ ಕಮ್ ಔಟ್’. ‘ಕಮ್’ ಒಂದೇ ಸಾಲದು, ‘ಔಟ್’ ಬೇಕು.

ಕರಾವಳಿಯವರು ಇನ್ನೊಂದು ಕಡೆ ಎಡವುತ್ತಾರೆ, ಅದು ಸೆಖೆ. ಏಪ್ರಿಲ್ ರಾತ್ರಿ ಫ್ಯಾನಿನಡಿ ಕೂತರೂ ಬೆವರು ಇಳಿಯುತ್ತದಲ್ಲ, ಅದಕ್ಕೂ ಸನ್ನಿಗೂ ಸಂಬಂಧವಿಲ್ಲ. ಬರೀ ‘ಹಾಟ್’ ಎಂದರೂ ಅರ್ಧ ಮಾತ್ರ ಹೇಳಿದಂತೆ, ಏಕೆಂದರೆ ಗಾಳಿಯಲ್ಲಿ ತೇವ ಹೆಚ್ಚಿ ಬೆವರು ಆರದಿರುವುದೇ ಸೆಖೆ. ಅದಕ್ಕೆ ‘ಹ್ಯೂಮಿಡ್’ ಅಥವಾ ‘ಸಲ್ಟ್ರಿ’ ಬಳಸಿ. ಮಾತಿನಲ್ಲಿ ‘ಮಗ್ಗಿ’ ಎಂಬುದೂ ಇದೆ, ಕೋಷ್ಟಕದ ಮಗ್ಗಿಯಂತೆಯೇ ಕೇಳಿಸುತ್ತದೆ.

ನೆರಳಿನದು ಇದಕ್ಕೆ ತಿರುಗುಮುರುಗು. ನಮ್ಮ ಒಂದು ನೆರಳಿಗೆ ಇಂಗ್ಲಿಷಿನಲ್ಲಿ ಎರಡು ಶಬ್ದ. ಬಿಸಿಲು ತಾಗದ ತಂಪು ಜಾಗ ‘ಶೇಡ್’, ನೆಲದ ಮೇಲೆ ಬೀಳುವ ಆಕಾರ ‘ಶ್ಯಾಡೋ’. ಮಾವಿನ ಮರದಡಿ ಬೈಕ್ ನಿಲ್ಲಿಸುವುದು ‘ಇನ್ ದ ಶೇಡ್’; ಗೋಡೆಯ ಮೇಲೆ ಮೂಡಿದ ನಿಮ್ಮ ರೂಪ ‘ಯುವರ್ ಶ್ಯಾಡೋ’. ಕಿಟಕಿಯ ಮೇಲಿನ ಚಜ್ಜಕ್ಕೆ ಮೇಸ್ತ್ರಿಗಳು ಹೇಳುವ ಸನ್‌ಶೇಡ್ ನಮ್ಮ ದೇಶದಲ್ಲಿ ಸರಿಯೇ. ಹೊರದೇಶದವರಿಗೆ ಅದೇ ಮಾತು ಬಿಸಿಲಿಗೆ ಹಿಡಿಯುವ ಕೊಡೆಯನ್ನೋ ಅಂಗಡಿ ಮುಂದಿನ ಬಟ್ಟೆಯ ಮಾಡನ್ನೋ ನೆನಪಿಸುತ್ತದೆ.

ಹಪ್ಪಳ, ಪುನರ್ಪುಳಿ ಸಿಪ್ಪೆ ಮಾರುವ ಮನೆಯವರಿಗೆ ಲೇಬಲ್ಲಿನ ಮಾತು ಮುಖ್ಯ. ‘ಸನ್ ಡ್ರೈ ಕೋಕಮ್’ ತಪ್ಪು, ‘ಸನ್-ಡ್ರೈಡ್ ಕೋಕಮ್’ ಆಗಬೇಕು. ಕೊನೆಯ ‘ಡ್’ ಬಿಟ್ಟರೆ, ಒಣಗಿಸಿದ್ದು ಎಂಬ ಅರ್ಥವೇ ಹೋಗುತ್ತದೆ. ನಡುವೆ ಸಣ್ಣ ಅಡ್ಡಗೆರೆ ಇರಲಿ. ಕೆಳಗಿನ ಸಾಲಿನಲ್ಲಿ ‘ಕೀಪ್ ಅವೇ ಫ್ರಮ್ ಡೈರೆಕ್ಟ್ ಸನ್‌ಲೈಟ್’ ಎಂದು ಬರೆಯಿರಿ. ಇಲ್ಲಿ ‘ಸನ್‌ಶೈನ್’ ಹೊಂದುವುದಿಲ್ಲ. ಸನ್‌ಲೈಟ್ ಬರೀ ಬೆಳಕು, ಪ್ಯಾಕೆಟ್ಟಿನ ಮೇಲೆ ಬಿದ್ದು ಬಣ್ಣ ಕೆಡಿಸುವಂಥದ್ದು. ಸನ್‌ಶೈನ್‌ನಲ್ಲಿ ಹಿತವಿದೆ. ಆಟಿಯ ಮಳೆ ಹೊಳವಾದಾಗ ಮನಸ್ಸಿಗೆ ಖುಷಿ ಕೊಡುವ ಬಿಸಿಲು ಅದು.

ವಿಜ್ಞಾನ, ಯಂತ್ರ, ಪಂಚಾಂಗದ ವಿಷಯ ಬಂದಾಗ ಸನ್ ಹಿಂದೆ ಸರಿದು ‘ಸೋಲಾರ್’ ಬರುತ್ತದೆ. ಛಾವಣಿ ಮೇಲಿನದು ಸೋಲಾರ್ ಪ್ಯಾನೆಲ್. ತುಳುವರ ತಿಂಗಳುಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸುವಂಥವು, ಆದ್ದರಿಂದ ನಮ್ಮದು ‘ಸೋಲಾರ್ ಕ್ಯಾಲೆಂಡರ್’, ಬಿಸು ಪರ್ಬ ‘ಸೋಲಾರ್ ನ್ಯೂ ಇಯರ್’. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಡ ಕಂಕಣ ಸೂರ್ಯಗ್ರಹಣ ‘ಆನ್ಯುಲರ್ ಸೋಲಾರ್ ಎಕ್ಲಿಪ್ಸ್’. ಆನ್ಯುಲರ್ ಎಂದರೆ ಬಳೆಯಾಕಾರದ್ದು. ‘ಆನ್ಯುಯಲ್’ ಎಂದು ಬರೆದರೆ ವರ್ಷಕ್ಕೊಮ್ಮೆ ಬರುವ ಗ್ರಹಣವಾಗಿಬಿಡುತ್ತದೆ. ಖಗೋಳದ ಬರಹದಲ್ಲಿ ಸನ್ನಿನ ಮೊದಲಕ್ಷರ ದೊಡ್ಡದು, ಹಪ್ಪಳದ ಬಿಸಿಲಿಗೆ ಸಣ್ಣದು. ಇನ್ನು ಉಚ್ಚಾರದಲ್ಲಿ ಸೂರ್ಯನೂ ಮಗನೂ ಒಂದೇ, ಬರೆಯುವಾಗ ಮಾತ್ರ ಸೂರ್ಯನಿಗೆ ನಡುವೆ ‘ಯು’, ಮಗನಿಗೆ ‘ಓ’. ಸಂಡೇ ಕೂಡ ಸೂರ್ಯನ ದಿನವೇ. ಊರಿನವರು ಹೇಳುವ ಆದಿತ್ಯವಾರ ಅದಕ್ಕೆ ಅಕ್ಷರಶಃ ಜೋಡಿ.

ಹಾಗಾದರೆ ‘ಅಂಡರ್ ದ ಸನ್’ ಎಂಬುದು ಇಲ್ಲವೇ ಇಲ್ಲವೇ? ಇದೆ, ಅರ್ಥ ಬೇರೆ. ‘ದೇ ಟಾಕ್ಡ್ ಅಬೌಟ್ ಎವ್ರಿಥಿಂಗ್ ಅಂಡರ್ ದ ಸನ್’ ಎಂದರೆ ಲೋಕದ ಮೇಲಿನ ಸಕಲ ವಿಷಯವನ್ನೂ ಮಾತಾಡಿದರು ಎಂದು. ಬಿಸಿಲಿಗೆ ವಿಶೇಷಣ ಸೇರಿದರೂ ಅಂಡರ್ ಒಪ್ಪುತ್ತದೆ: ‘ಅಂಡರ್ ಎ ಬ್ಲೇಜಿಂಗ್ ಸನ್’, ಅಂದರೆ ಸುಡು ಬಿಸಿಲಿನಡಿ. ಅಲ್ಲಿ ‘ಎ’ ಬಂದದ್ದು ಗಮನಿಸಿ. ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂಬ ಗಾದೆಯನ್ನು ಶಬ್ದಕ್ಕೆ ಶಬ್ದ ಇಟ್ಟು ಹುಲ್ಲು ಒಣಗಿಸುವುದಕ್ಕೆ ಹೋಗಬೇಡಿ. ಗಾಳಿ ಬಂದಾಗ ತೂರಿಕೊಳ್ಳುವುದು ನಮ್ಮಲ್ಲಿ ಮೊದಲೇ ಇದೆ.

ರಜೆ ಅರ್ಜಿಯಲ್ಲಿ ‘ಸನ್‌ಸ್ಟ್ರೋಕ್’ ಬರೆಯುವಾಗಲೂ ನಿಧಾನಿಸಿ. ಬಿಸಿಲಿಗೆ ತಲೆನೋವು ಬಂದದ್ದು ಸನ್‌ಸ್ಟ್ರೋಕ್ ಅಲ್ಲ. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತಡವರಿಸಿ, ಪ್ರಜ್ಞೆ ತಪ್ಪಬಹುದಾದ ತುರ್ತು ಸ್ಥಿತಿ ಅದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕಾದದ್ದು. ಚರ್ಮ ಕೆಂಪಾಗಿ ಉರಿದರೆ ‘ಸನ್‌ಬರ್ನ್’, ಬಣ್ಣ ಕಪ್ಪಾದರೆ ‘ಟ್ಯಾನ್’. ತಲೆನೋವು ಮಾತ್ರವಾದರೆ ಇಷ್ಟು ಬರೆದರೆ ಸಾಕು: ‘ಐ ಹ್ಯಾವ್ ಎ ಹೆಡೇಕ್ ಫ್ರಮ್ ಬೀಯಿಂಗ್ ಔಟ್ ಇನ್ ದ ಸನ್’.