ಲೊಚಗುಟ್ಟಿದ ಮಾತ್ರಕ್ಕೆ ನೆಂಟರಲ್ಲ: ಭಾಷೆಯ ಕುಟುಂಬ ಹುಡುಕುವ ಬಗೆ

ಪಾಪ ಅನಿಸಿದಾಗ ಲೊಚಗುಟ್ಟುತ್ತೇವಲ್ಲ, ಅಂಥ ಸದ್ದು ಟಾಂಜಾನಿಯಾದ ಹಡ್ಜಾ ಭಾಷೆಯಲ್ಲಿ ನಮ್ಮ ಕ, ತ, ಪಗಳ ಹಾಗೆ ಒಂದು ವ್ಯಂಜನ. ಎಯಾಸಿ ಸರೋವರದ ಸುತ್ತ ಇರುವ ಸುಮಾರು 1000 ಜನರ ಮಾತು ಇದು. ಬೇಟೆ, ಗೆಡ್ಡೆ, ಜೇನು ಇವರ ಹಳೆಯ ಬದುಕು. ಇಂಥ ಭಾಷೆಯ ಕುಟುಂಬ, ಅಂದರೆ ಒಂದೇ ಮೂಲದಿಂದ ಬಂದ ಅದರ ನೆಂಟರನ್ನು, ಪತ್ತೆ ಮಾಡುವುದು ಹೇಗೆ?

ಮೊದಲು ಹೋಲಿಸಬೇಕಾದ ಭಾಷೆಗಳೆರಡರಲ್ಲೂ ನೂರು ಪದ ಬರೆದುಕೊಳ್ಳಿ. ಕಣ್ಣು, ನೀರು, ಮೂಳೆ, ನಾನು, ಎರಡು, ಇಂಥವೇ ಸಾಕು.

ಆಮೇಲೆ ಸಾಲದ ಪದಗಳನ್ನು ಹೊಡೆದುಹಾಕಿ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಪುಸ್ತಕಕ್ಕೆ ಕಿತಾಬು ಅನ್ನುತ್ತಾರೆ. ನಮಗೆ ಗೊತ್ತಿರುವ ಅರಬ್ಬಿ ಕಿತಾಬೇ ಅದು. ತಮಾಷೆಯೆಂದರೆ ಅದರ 'ಕಿ' ಸ್ವಾಹಿಲಿಯ ಏಕವಚನದ ಗುರುತಿನಂತೆ ಕೇಳಿಸುತ್ತದೆ. ಹಾಗಾಗಿ ಬಹುವಚನ 'ವಿತಾಬು' ಆಗಿಬಿಟ್ಟಿದೆ! ಅಮ್ಮ, ಅಪ್ಪನಂಥ ಪದಗಳನ್ನೂ ಬಿಡಿ. ಮಗುವಿನ ಬಾಯಿಗೆ ಸುಲಭವಾದ ಸದ್ದು ಎಷ್ಟೋ ಊರುಗಳಲ್ಲಿ ಒಂದೇ.

ಇನ್ನು ನಿಜವಾದ ಕೆಲಸ. ಪದಗಳು ಸುಮ್ನೆ ಒಂದೇ ಥರ ಕೇಳಿಸಿದರೆ ಸಾಲದು, ವ್ಯತ್ಯಾಸಕ್ಕೂ ಒಂದು ಲೆಕ್ಕ ಇರಬೇಕು. ತಮಿಳಿನ ಪಾಲ್, ಪಲ್, ಪುಲಿ ನಮ್ಮಲ್ಲಿ ಹಾಲು, ಹಲ್ಲು, ಹುಲಿ. ಅಲ್ಲಿ 'ಪ' ಇದ್ದರೆ ಇಲ್ಲಿ 'ಹ', ಅಲ್ವಾ? ಹಾಗೆಯೇ ಸ್ವಾಹಿಲಿಯ ತಾತು (ಮೂರು), ತುಮಾ (ಕಳಿಸು) ದಕ್ಷಿಣ ಆಫ್ರಿಕಾದ ಜುಲುವಿನಲ್ಲಿ ಥಾಥು, ಥುಮಾ. ವ್ಯಾಕರಣವನ್ನೂ ಜೋಡಿಸಿ ನೋಡಿ. ಎರಡರಲ್ಲೂ ಬಹುವಚನಕ್ಕೆ ಬದಲಾಗುವುದು ಪದದ ಬಾಲವಲ್ಲ, ತಲೆ. ಮನುಷ್ಯ, ಜನ ಎನ್ನಲು ಸ್ವಾಹಿಲಿಯಲ್ಲಿ ಮ್ತು, ವಾತು. ಜುಲುವಿನಲ್ಲಿ ಉಮುಂತು, ಅಬಂತು. ಈ ಕುಟುಂಬಕ್ಕೆ 'ಬಾಂಟು' ಎಂಬ ಹೆಸರು ಬಂದದ್ದು ಇಂಥ ಪದಗಳಿಂದಲೇ.

ಎಡವುವುದು ಮುಂದೆ. ಜುಲುವಿನಲ್ಲೂ ಲೊಚಗುಟ್ಟುವ ವ್ಯಂಜನಗಳಿವೆ. ಅವು ಅಕ್ಕಪಕ್ಕದ ಹಳೆಯ ನಿವಾಸಿಗಳ ಭಾಷೆಗಳಿಂದ ಬಂದವು, ನಮಗೆ ಖ, ಘ ಸಂಸ್ಕೃತದಿಂದ ಬಂದ ಹಾಗೆ. ಅಂದರೆ ಸದ್ದೂ ಸಾಲ ಸಿಗುತ್ತದೆ! ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಆಫ್ರಿಕಾದ ಭಾಷೆಗಳನ್ನು ನಾಲ್ಕು ಕುಟುಂಬ ಮಾಡಿದರು. ಹಡ್ಜಾ, ಅದರ ನೆರೆಯ ಸಂಡಾವೆ, ದೂರದ ನಮೀಬಿಯಾ, ಬೋಟ್ಸ್ವಾನಾ ಕಡೆಯ ಲೊಚಗುಟ್ಟುವ ಭಾಷೆಗಳೆಲ್ಲ 'ಖೊಯ್ಸಾನ್' ಎಂಬ ಒಂದೇ ಗೂಡಿಗೆ ಹೋದವು. ಅವರು ನೋಡಿದ್ದು ಹೋಲಿಕೆಯನ್ನು. ಪ-ಹದಂಥ ಲೆಕ್ಕ ಹಾಕಲಿಲ್ಲ. ನನ್ನ ಪ್ರಕಾರ ಅವರ ಧೈರ್ಯ ದೊಡ್ಡದು, ಆದರೆ ಈ ಗೂಡು ಮಾತ್ರ ಗಟ್ಟಿಯಲ್ಲ. ಈಗ ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಸಂಡಾವೆಗೆ ದಕ್ಷಿಣದ ಖೊಯೆ ಭಾಷೆಗಳ ನಂಟು ಇರಬಹುದು ಅನ್ನುತ್ತಾರೆ. ಹಡ್ಜಾಗೆ ಯಾರೂ ಸಿಕ್ಕಿಲ್ಲ. ಹಾಗೆ ಸಿಗದಿದ್ದರೆ 'ಒಂಟಿ ಭಾಷೆ' ಎಂದೇ ಬರೆಯಿರಿ, ಬಲವಂತವಾಗಿ ಮನೆ ಸೇರಿಸಬೇಡಿ.

ಮಾತಾಡುವವರನ್ನೇ ಕೇಳಿದರಾಯಿತಲ್ಲ ಅನ್ನುತ್ತೀರಾ? ಕೇಳಿ, ಆದರೆ ಪಟ್ಟಿಯನ್ನೂ ನೋಡಿ. ಮಾಲಿ ದೇಶದ ಬಂಗಿಮೆ ಭಾಷೆ ಆಡುವವರು ತಮ್ಮನ್ನು ನೆರೆಯ ಡೋಗೊನ್ ಜನ ಎಂದೇ ಹೇಳಿಕೊಳ್ಳುತ್ತಾರೆ. ಪದಗಳನ್ನು ಎದುರುಬದುರು ಇಟ್ಟು ನೋಡಿದರೆ ಅದು ಡೋಗೊನ್ ಭಾಷೆಯಲ್ಲ, ಹಡ್ಜಾದಂತೆಯೇ ಒಂಟಿ.