ತೆಂಗಿನೆಣ್ಣೆ ಬಾಟಲಿಯ ಅಳತೆ ತಪ್ಪದಂತೆ ಪಿಸ್ಟನ್ ಫಿಲ್ಲರ್ ಹೊಂದಿಸುವ ಬಗೆ

ಮಂಗಳೂರು, ಉಡುಪಿ ಕಡೆಯ ಸಣ್ಣ ಎಣ್ಣೆ ಮಿಲ್ಲಿನಲ್ಲಿ ಬಾಟಲಿ ತುಂಬಿಸಲು ಕಂಪ್ರೆಸರ್ ಗಾಳಿಯಿಂದ ಓಡುವ ಪಿಸ್ಟನ್ ಫಿಲ್ಲರ್ ಒಳ್ಳೆಯ ಆಯ್ಕೆ. ಅದರ ಪಿಸ್ಟನ್ ಸಿಲಿಂಡರಿನೊಳಗೆ ಎಣ್ಣೆ ಎಳೆದುಕೊಂಡು ಬಾಟಲಿಗೆ ತಳ್ಳುತ್ತದೆ. ಆದರೆ ಬಾಟಲಿಯಲ್ಲಿ ಎಣ್ಣೆ ಕಡಿಮೆ ಕಂಡ ಕೂಡಲೇ ಎಲ್ಲರ ಕೈ ಹೋಗುವುದು ಸ್ಟ್ರೋಕ್ ಸ್ಕ್ರೂಗೆ, ಅಂದರೆ ಪಿಸ್ಟನ್ ಓಡುವ ದೂರವನ್ನು (ಸ್ಟ್ರೋಕ್) ಹೊಂದಿಸುವ ಸ್ಕ್ರೂಗೆ. ಅದನ್ನು ತಿರುಗಿಸುವುದು ಕೊನೆಯ ಕೆಲಸ. ಮೊದಲು ಎಣ್ಣೆಯ ಬಿಸಿ, ಆಮೇಲೆ ಗಾಳಿಗುಳ್ಳೆ, ಆಮೇಲೆ ಸೋರಿಕೆ ನೋಡಬೇಕು. ಈ ಮೂರು ಸರಿಯಾಗದೆ ಸ್ಕ್ರೂ ಮುಟ್ಟಿದರೆ ಬೆಳಿಗ್ಗೆ ಕೂರಿಸಿದ ಅಳತೆ ಮಧ್ಯಾಹ್ನಕ್ಕೆ ಮತ್ತೆ ತಪ್ಪುತ್ತದೆ.

ಬಿಸಿ ಒಂದೇ ಮಟ್ಟದಲ್ಲಿರಲಿ

ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ನಮ್ಮ ಕರಾವಳಿಯಲ್ಲೂ ಟ್ಯಾಂಕಿನ ತಳದಲ್ಲಿ ಬೆಳ್ಳಗೆ ಹರಳುಗಟ್ಟುವುದುಂಟು. ಆ ಹರಳು ವಾಲ್ವಿನ ಬಾಯಲ್ಲಿ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ: ಪ್ರತಿ 10 ಡಿಗ್ರಿ ಬಿಸಿಗೆ ಎಣ್ಣೆ ಶೇ 0.7ರಿಂದ 0.8ರಷ್ಟು ಹಿಗ್ಗುತ್ತದೆ. ಪಿಸ್ಟನ್ ತಳ್ಳುವ ಗಾತ್ರ ಬದಲಾಗುವುದಿಲ್ಲ, ಅದರೊಳಗಿನ ತೂಕ ಇಳಿಯುತ್ತದೆ. ಅರ್ಧ ಲೀಟರ್ ಬಾಟಲಿಯಲ್ಲಿ ಇದು ಮೂರೂವರೆ ಗ್ರಾಂ. ಟ್ಯಾಂಕಿಗೆ ಥರ್ಮೋಸ್ಟಾಟ್ ಇರುವ ಹೀಟರ್ ಹಾಕಿ 35 ಡಿಗ್ರಿಯಲ್ಲಿ ನಿಲ್ಲಿಸಿ. ಥರ್ಮಾಮೀಟರ್ ಹಾಪರಿನೊಳಗೂ (ಫಿಲ್ಲರಿಗೆ ಎಣ್ಣೆ ಕೊಡುವ ಪಾತ್ರೆ) ಒಂದಿರಲಿ, ಏಕೆಂದರೆ ಪಿಸ್ಟನ್ ಎಳೆದುಕೊಳ್ಳುವುದು ಅಲ್ಲಿನ ಎಣ್ಣೆಯನ್ನು.

ಗಾಳಿ ಮತ್ತು ಸೋರಿಕೆ

ಟ್ಯಾಂಕಿನಿಂದ ಬರುವ ಪೈಪು ಹಾಪರಿನ ಎಣ್ಣೆಯೊಳಗೆ ಮುಳುಗಿರಬೇಕು. ಮೇಲಿಂದ ಸುರಿದರೆ ಗುಳ್ಳೆ ಏಳುತ್ತದೆ, ಒಂದು ಬಾಟಲಿ ಹೆಚ್ಚು, ಮುಂದಿನದು ಕಡಿಮೆ ಬರುತ್ತದೆ. ಪಿಸ್ಟನ್ ಎಣ್ಣೆ ಎಳೆದುಕೊಳ್ಳುವ ವೇಗವನ್ನು ತಳ್ಳುವ ವೇಗಕ್ಕಿಂತ ನಿಧಾನಕ್ಕಿಡಿ. ಜೋರಾಗಿ ಎಳೆದರೆ ಸಿಲಿಂಡರ್ ತುಂಬುವ ಮೊದಲೇ ಪಿಸ್ಟನ್ ಹಿಂದಿರುಗುತ್ತದೆ, ಜಾಯಿಂಟಿನಿಂದ ಗಾಳಿಯೂ ನುಗ್ಗುತ್ತದೆ. ಕೆಲಸ ಶುರುಮಾಡುವಾಗ ಮೊದಲ 15–20 ಸ್ಟ್ರೋಕಿನ ಎಣ್ಣೆಯನ್ನು ಹಾಪರಿಗೇ ವಾಪಸ್ ಬಿಡಿ.

ಸೋರಿಕೆ ಎಲ್ಲಿದೆ ಎಂದು ಬಾಟಲಿಗಳೇ ಹೇಳುತ್ತವೆ. ಚಹಾ ವಿರಾಮ ಮುಗಿದ ಮೇಲಿನ ಮೊದಲ ಬಾಟಲಿ ಮಾತ್ರ ಕಡಿಮೆ ಬಂದರೆ ನಾನ್-ರಿಟರ್ನ್ ವಾಲ್ವ್ (ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಿಡಿಯುತ್ತಿಲ್ಲ, ಎಣ್ಣೆ ಹಿಂದಕ್ಕೆ ಇಳಿದಿದೆ. ಬಿಚ್ಚಿ ನೋಡಿ, ಸಾಮಾನ್ಯವಾಗಿ ಕೊಬ್ಬರಿಯ ಚೂರು ಸಿಕ್ಕಿರುತ್ತದೆ. ಬಿಸಿ ಬದಲಾಗದೆಯೂ ದಿನದಿಂದ ದಿನಕ್ಕೆ ತೂಕ ಇಳಿಯುತ್ತಿದ್ದರೆ, ಪಿಸ್ಟನ್ನಿನ ಹಿಂಬದಿ ಎಣ್ಣೆ ಜಿನುಗುತ್ತಿದ್ದರೆ, ಸೀಲ್ ಸವೆದಿದೆ. ಹೊಸದು ಕೊಳ್ಳುವಾಗ ಫುಡ್ ಗ್ರೇಡ್ ನೈಟ್ರೈಲ್ ಅಥವಾ ವೈಟನ್ ಎಂದೇ ಕೇಳಿ. ಮಾಮೂಲಿ ರಬ್ಬರ್, ಇಪಿಡಿಎಂ ಎಂಬ ಕೃತಕ ರಬ್ಬರ್ ಎರಡೂ ಎಣ್ಣೆಯಲ್ಲಿ ಉಬ್ಬುತ್ತವೆ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನವೂ ಬಸಿಯಬೇಕು. ನೀರು ಲೈನಿಗೆ ಬಂದರೆ ಗಾಳಿಯ ಸಿಲಿಂಡರ್ ತಡವರಿಸಿ ಓಡುತ್ತದೆ.

ಅಳೆಯುವುದು ತೂಕದಲ್ಲಿ

ಅಳತೆ ಜಾರಿನಲ್ಲಿ ಎಣ್ಣೆ ಗೋಡೆಗೆ ಅಂಟಿಕೊಳ್ಳುತ್ತದೆ, ನಂಬಬೇಡಿ. 0.1 ಗ್ರಾಂ ತೋರಿಸುವ ತಕ್ಕಡಿ ತನ್ನಿ. ಅದನ್ನು ಮಟ್ಟವಾಗಿಟ್ಟು ಹತ್ತಿರದ ಫ್ಯಾನ್ ಆರಿಸಿ. ಖಾಲಿ ಬಾಟಲಿಗಳ ತೂಕ ಒಂದೇ ಇರುವುದಿಲ್ಲ, ಆದ್ದರಿಂದ ಪ್ರತಿಯೊಂದನ್ನೂ ಖಾಲಿಯಿರುವಾಗ ತೂಗಿ ಬರೆದುಕೊಳ್ಳಿ. ಸತತ ಹತ್ತು ಬಾಟಲಿ ತುಂಬಿಸಿ, ತೂಗಿ, ಖಾಲಿ ತೂಕ ಕಳೆಯಿರಿ.

ಲೇಬಲಿನಲ್ಲಿ 500 ಮಿಲಿ ಲೀಟರ್, 457 ಗ್ರಾಂ ಎಂದಿದೆ ಎನ್ನೋಣ. ಖಾದ್ಯತೈಲದ ಗಾತ್ರದ ಜೊತೆ ತೂಕವನ್ನೂ ಮುದ್ರಿಸಿ, ಉಷ್ಣಾಂಶ ನಮೂದಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಸೂಚಿಸಿತ್ತು. ಬಿಸಿಗೆ ಬದಲಾಗದ್ದು ತೂಕ ಮಾತ್ರವಾದ್ದರಿಂದ ಮೆಷಿನ್ ಹೊಂದಿಸಬೇಕಾದ್ದೂ ತೂಕಕ್ಕೇ. 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ 500 ಮಿಲಿ ಲೀಟರಿಗೆ ಒಂದೊಂದು ಬಾಟಲಿಯಲ್ಲಿ 15 ಮಿಲಿ ಲೀಟರಿನ ವ್ಯತ್ಯಾಸಕ್ಕೆ ಅವಕಾಶವಿದೆ. ಹಾಗೆಂದು ಎಲ್ಲವನ್ನೂ ಕಡಿಮೆ ತುಂಬಿಸುವಂತಿಲ್ಲ, ಸರಾಸರಿ ಲೇಬಲಿಗಿಂತ ಕೆಳಗಿಳಿಯಬಾರದು. ಗುರಿ 458.5 ಗ್ರಾಂ ಇಟ್ಟುಕೊಳ್ಳಿ.

ಹತ್ತು ಬಾಟಲಿಯ ಸರಾಸರಿ 455.3 ಗ್ರಾಂ ಬಂತು, ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ 1 ಗ್ರಾಂ ಅಂತರ ಇದೆ ಎಂದಿಟ್ಟುಕೊಳ್ಳಿ. ಅಂತರ ಇಷ್ಟು ಚಿಕ್ಕದಿದ್ದರೆ ಮೆಷಿನ್ ಆರೋಗ್ಯವಾಗಿದೆ, ಈಗ ಸ್ಕ್ರೂ ಮುಟ್ಟಬಹುದು. ಅಂತರ 5–6 ಗ್ರಾಂ ಇದ್ದರೆ ಗುಳ್ಳೆ, ವಾಲ್ವ್‌ಗಳಿಗೆ ಹಿಂದಿರುಗಿ.

ಸ್ಕ್ರೂ ಎಷ್ಟು ತಿರುಗಿಸಬೇಕು?

ಕೊರತೆ 3.2 ಗ್ರಾಂ, ಅಂದರೆ ಸುಮಾರು 3.5 ಮಿಲಿ ಲೀಟರ್. ಸಿಲಿಂಡರಿನ ಒಳವ್ಯಾಸ 63 ಮಿಲಿಮೀಟರ್ ಆದರೆ ಸ್ಟ್ರೋಕಿನ 1 ಮಿಲಿಮೀಟರಿಗೆ 3.1 ಮಿಲಿ ಲೀಟರ್ ಎಣ್ಣೆ. ಹಾಗಾಗಿ ಸ್ಟ್ರೋಕ್ 1.1 ಮಿಲಿಮೀಟರ್ ಹೆಚ್ಚಬೇಕು. ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಅದು ಸರಿಯುವ ದೂರ) 1.5 ಮಿಲಿಮೀಟರ್ ಇದ್ದರೆ ಮುಕ್ಕಾಲು ಸುತ್ತು. 80 ಮಿಲಿಮೀಟರಿನ ಸಿಲಿಂಡರಿನಲ್ಲಿ ಅದೇ 1 ಮಿಲಿಮೀಟರಿಗೆ 5 ಮಿಲಿ ಲೀಟರ್ ಹೋಗುತ್ತದೆ. ಅರ್ಧ ಲೀಟರಿಗೆ ಸಪೂರ ಸಿಲಿಂಡರ್ ಕೊಳ್ಳಿ ಎನ್ನುವುದು ಇದಕ್ಕೇ.

ತಿರುಗಿಸುವಾಗ ಗುರಿ ದಾಟಿದರೆ ಒಂದು ಸುತ್ತು ಪೂರ್ತಿ ಹಿಂದೆ ಬಂದು, ಮತ್ತೆ ಅದೇ ದಿಕ್ಕಿನಿಂದ ಮುಂದೆ ಬನ್ನಿ. ಇಲ್ಲವಾದರೆ ಸ್ಕ್ರೂವಿನ ಸಡಿಲ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಲಾಕ್‌ನಟ್ ಬಿಗಿಯುವಾಗಲೂ ಸ್ಕ್ರೂ ತುಸು ಜರುಗುತ್ತದೆ. ಬಿಗಿದ ಮೇಲೆ ಐದು ಬಾಟಲಿ ವ್ಯರ್ಥ ಬಿಟ್ಟು, ಹೊಸದಾಗಿ ಹತ್ತು ತೂಗಿ. ಮುಂದೆ ಪ್ರತಿ ಎರಡು ಗಂಟೆಗೊಮ್ಮೆ ಐದೈದು ಬಾಟಲಿಯ ತೂಕವನ್ನೂ, ಪಕ್ಕದಲ್ಲೇ ಹಾಪರಿನ ಡಿಗ್ರಿಯನ್ನೂ ಪುಸ್ತಕದಲ್ಲಿ ಬರೆಯುತ್ತಾ ಹೋಗಿ.